ಪಾ ಎರ್ತೆಯ ತೊಟ್ಟಿಗೆ ಬಂದ ಕತ್ತಲ ಪ್ರಯಾಣಿಕರು

ಹನ್ನೊಂದನೆಯ ಗಲ್ಲಿಯ ಬಾಯಲ್ಲಿ ಒಂದು ತಗಡಿನ ಬೋರ್ಡಿದೆ. 'ಅತಿಥಿಗಳು ಇಪ್ಪತ್ತನಾಲ್ಕು ಗಂಟೆಯೊಳಗೆ ಹಾಜರಿ ಕೊಡತಕ್ಕದ್ದು.' ಮಕಾಸ್ಸರ್ ಪಟ್ಟಣದ ಯಾವ ಗಲ್ಲಿಗೆ ಹೋದರೂ ಈ ಬೋರ್ಡು ಇರುತ್ತದೆ, ಯಾವ ಗಲ್ಲಿಯಲ್ಲೂ ಅದನ್ನು ಯಾರೂ ಓದುವುದಿಲ್ಲ. ಹನ್ನೊಂದನೆಯ ಗಲ್ಲಿಯಲ್ಲಿ ಮಾತ್ರ ಓದಲೇಬೇಕು. ಯಾಕೆಂದರೆ ಅಲ್ಲಿ ಪಾ ಎರ್ತೆ ಇದ್ದಾರೆ.

ಪಾ ಅಂದರೆ ಯಜಮಾನರು, ಎರ್ತೆ ಅಂದರೆ ನಲವತ್ತು ಮನೆಗಳ ಮೇಲಿನ ಮುಖಂಡ. ಸರ್ಕಾರದ ಏಣಿಯಲ್ಲಿ ಅದು ಕಟ್ಟಕಡೆಯ ಮೆಟ್ಟಿಲು. ಆದರೆ ಬಡವರು ಏಣಿಗೆ ಕಾಲಿಡುವುದೇ ಆ ಮೆಟ್ಟಿಲಿನ ಮೇಲಾದ್ದರಿಂದ ಅದರ ಗತ್ತು ಮಂತ್ರಿಗೂ ಇಲ್ಲ. ಈ ಪಾ ಎರ್ತೆಯಂತೂ ಮೂವತ್ತು ವರ್ಷ ಹಡಗಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ಟಿಲ್ಲದೆ ಹಡಗು ಹತ್ತಿ ಮೂಟೆಗಳ ಸಂದಿಯಲ್ಲಿ ಕೂತವರನ್ನು ಅಲ್ಲಿಯ ಮಾತಿನಲ್ಲಿ 'ಕತ್ತಲ ಪ್ರಯಾಣಿಕರು' ಅನ್ನುತ್ತಾರೆ. ಅಂಥವರನ್ನು ಬೆವರಿನ ವಾಸನೆಯಿಂದಲೇ ಹಿಡಿಯುತ್ತಿದ್ದೆ ಅನ್ನುವುದು ಅವರ ಹೆಮ್ಮೆ. ಹಡಗು ಇಳಿದರೂ ಆ ಮೂಗು ಇಳಿದಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹಸ್ನಿಯಾ ತನ್ನ ತಾಯಿಯ ಕೈ ಹಿಡಿದುಕೊಂಡು ಅವರ ಜಗಲಿ ಹತ್ತಿದಳು. ಇದು ಮೂರನೆಯ ಸಲ. ಗಲ್ಲಿಯ ಬಾಯಲ್ಲಿ ಜಲಂಕೋತೆ ಕಡುಬು ಕರಿದು ಮಾರುವ ಹೆಂಗಸು ಅವಳು. ಎಣ್ಣೆ ಆರಿಸಿ, ಜಾಲರಿ ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು. ತಾಯಿಯ ಎರಡೂ ಕಣ್ಣಿಗೆ ಪೊರೆ ಬೆಳೆದಿತ್ತು. ಬರುವ ವಾರ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಣ್ಣಿನ ಡಾಕ್ಟರುಗಳು ಬಂದು ಪೊರೆ ತೆಗೆಯುವವರಿದ್ದರು. ಹೆಸರು ಬರೆಸಲು ಇವತ್ತು ಮಧ್ಯಾಹ್ನ ಎರಡು ಗಂಟೆಯೇ ಕೊನೆ. ಬರೆಸಬೇಕಾದರೆ ಪಾ ಎರ್ತೆಯ ಪತ್ರ ಬೇಕು.

"ಹುಟ್ಟಿದ ತಾರೀಕು ಡಿಸೆಂಬರ್ ಮೂವತ್ತೊಂದು ಅಂತ ಹಾಕಿದೀನಿ," ಅಂದರು ಪಾ ಎರ್ತೆ ಕನ್ನಡಕ ಏರಿಸಿಕೊಂಡು. ಅದರಲ್ಲಿ ವಿಶೇಷವೇನಿಲ್ಲ. ತಾರೀಕು ಗೊತ್ತಿಲ್ಲದ ಮುದುಕರನ್ನೆಲ್ಲ ಆ ಸೀಮೆಯ ಕಚೇರಿಗಳು ವರ್ಷದ ಕೊನೆಯ ದಿನವೇ ಹುಟ್ಟಿಸುತ್ತವೆ. ಹನ್ನೊಂದನೆಯ ಗಲ್ಲಿಯೊಂದರಲ್ಲೇ ಹದಿನೇಳು ಜನ ಒಟ್ಟಿಗೆ ಹುಟ್ಟಿದ್ದಾರೆ. "ಊರು ಹೇಳಿ ನೆನೆ. ಊರಿಲ್ದೆ ಪತ್ರ ಆಗಲ್ಲ."

"ಕಡಲು," ಅಂದಳು ಎಮ್ಮಾ.

ಎಮ್ಮಾ ಅಂದರೆ ಹಸ್ನಿಯಾಳ ತಾಯಿ. ಬಾಜೋ ಜನ, ದೋಣಿಯೇ ಮನೆ, ನೀರೇ ಅಂಗಳ ಅಂತ ತಲೆತಲಾಂತರ ಬದುಕಿದವರು. ಗಲ್ಲಿಯವರೆಲ್ಲ ಅವಳನ್ನು ನೆನೆ, ಅಜ್ಜಿ, ಅನ್ನುತ್ತಿದ್ದರು.

"ಕಡಲು ಊರಲ್ಲ ನೆನೆ."

"ನಿಂಗೆ ಅಲ್ಲ ಮಗಾ. ನಂಗೆ ಊರೇ. ಎರಡು ದ್ವೀಪದ ನಡುವೆ ಪಡುವಣ ಗಾಳೀಲಿ ಹುಟ್ಟಿದೋಳು ನಾನು. ಯಾವ ದ್ವೀಪದ ಹೆಸರು ಹೇಳಿದ್ರೂ ಇನ್ನೊಂದು ಬೇಜಾರು ಮಾಡ್ಕೊಳ್ಳತ್ತೆ."

ಇಡೀ ಗಲ್ಲಿ ಬಹುವಚನದಲ್ಲಿ ಮಾತಾಡಿಸುವ ಮನುಷ್ಯನನ್ನು ಇವಳು ಮೊದಲ ದಿನದಿಂದಲೂ ಏಕವಚನಕ್ಕೆ ಇಳಿಸಿದ್ದಳು. ಪಾ ಎರ್ತೆಯ ಮೀಸೆ ಅದಕ್ಕೂ ಒಂದಿಷ್ಟು ಕುಣಿಯಿತು.

ಹಸ್ನಿಯಾ ತಾಯಿಯ ಕಿವಿಗೆ ಬಾಯಿಟ್ಟು ತಮ್ಮ ಮಾತಿನಲ್ಲಿ ಗದರಿದಳು: "ಮಕಾಸ್ಸರ್ ಅಂತ ಹೇಳ್ಬಿಡೆ ಎಮ್ಮಾ! ಯಾರು ಬಂದು ನೋಡ್ತಾರೆ? ಪತ್ರ ಬೇಕಾದೋರು ಪತ್ರ ಕೊಡೋನಿಗೆ ಬೇಕಾದ್ದನ್ನ ಹೇಳ್ಬೇಕು."

"ನನ್ನವ್ವ ಹೊಯ್ದಾಡೋ ದೋಣೀಲಿ ಹಲ್ಲು ಕಚ್ಕೊಂಡು ಹೆತ್ಳು. ಆ ಕಷ್ಟನ ತಗೊಂಡು ಹೋಗಿ ಈ ಪಟ್ಟಣದ ಹೆಸರಿಗೆ ಬರೆಸ್ಲಾ? ಆಗಲ್ಲ."

"ಕುರುಡಿ ಆಗ್ತೀಯ."

"ಆಗ್ತೀನಿ. ಸುಳ್ಳು ಊರಿನ ಕುರುಡಿ ಆಗಲ್ಲ."

ಆಗ ಒಳಗಿನಿಂದ, ಯಾರೋ ಗೇಟು ತಟ್ಟಿದ ಹಾಗೆ, 'ಟಕ್' ಅಂತ ಸದ್ದಾಯಿತು.

"ಬಂದೆ, ಬಂದೆ!" ಅಂತ ಪಾ ಎರ್ತೆಯ ಹೆಂಡತಿ ಅಡಿಗೆಮನೆಯಿಂದ ಓಡಿಬಂದು ಗೇಟು ತೆಗೆದರು. ಯಾರೂ ಇರಲಿಲ್ಲ. "ಈ ವಾರದಲ್ಲಿ ಒಂಬತ್ತನೇ ಸಲ ರೀ ಇದು! ಆ ಗಾಜಿನ ಪೆಟ್ಟಿಗೇನೋ ಇಲ್ಲಾ ನಾನೋ, ಯಾರಾದ್ರೂ ಒಬ್ರೇ ಮನೇಲಿರೋದು," ಅಂತ ಗೊಣಗಿಕೊಂಡು ಒಳಗೆ ಹೋದರು.

ಎಮ್ಮಾ ತಲೆ ವಾರೆ ಮಾಡಿ ಕೇಳಿಸಿಕೊಂಡಳು. ಬಿಳಿಯಾದ ಕಣ್ಣುಗಳ ಸುತ್ತ ನಗು ಸುಕ್ಕುಗಟ್ಟಿತು. "ಮಗಾ, ನಿನ್ನ ಮನೇಲಿ ಇನ್ನೊಬ್ಬ ಇದಾನಲ್ಲ. ಅವನು ಹಾಜರಿ ಕೊಟ್ನಾ?"

ಪಾ ಎರ್ತೆಯ ಮುಖ ಗಾಳಿ ಹೋದ ಬಲೂನಿನ ಹಾಗಾಯಿತು. "ನಿಮಗೆ... ಅದು ಯಾವುದು ಅಂತ ಗೊತ್ತಾಗತ್ತಾ ನೆನೆ?"

ನಡುಮನೆಯಲ್ಲಿ ಗೋಡೆಯಷ್ಟಗಲದ ಉಪ್ಪುನೀರಿನ ತೊಟ್ಟಿ. ಒಳಗೆ ಹವಳ, ಎರಡು ಕಿತ್ತಳೆ ಪಟ್ಟೆಯ ಮೀನು, ನಡುವೆ ಒಂದು ಜೀವದ ಕಲ್ಲು. ಕಡಲ ತಳದಿಂದ ಎತ್ತಿ ತಂದ ಕಲ್ಲಾದ್ದರಿಂದ ಅದರ ತೂತು ತೂತಿನಲ್ಲೂ ಯಾರೋ ಒಬ್ಬರು ಕೂತೇ ಬಂದಿರುತ್ತಾರೆ. ಹೀಗೆ ಕೇಳದೆ ಬರುವ ಜೀವಿಗಳಿಗೂ ತೊಟ್ಟಿ ಸಾಕುವವರು ಇಟ್ಟಿರುವ ಹೆಸರು ಅದೇ, ಕತ್ತಲ ಪ್ರಯಾಣಿಕರು. ಆ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಪಾ ಎರ್ತೆಗೆ ಮತ್ತೆ ನೌಕರಿ ಸಿಕ್ಕಷ್ಟು ಖುಷಿಯಾಗಿತ್ತು.

ಖುಷಿ ಈಗ ಉಳಿದಿರಲಿಲ್ಲ. ವಾರದಿಂದ ಕಲ್ಲಿನೊಳಗೆ ಯಾರೋ ಟಕ್ ಅನ್ನಿಸುತ್ತಿದ್ದ. ತೊಟ್ಟಿ ಸಾಕುವ ಮುನ್ನೂರು ಜನರ ಮೊಬೈಲ್ ಗುಂಪಿನಲ್ಲಿ ಕೇಳಿದರೆ ಅರ್ಧ ಜನ, ಅದು ಚಿಟಿಕೆ ಸೀಗಡಿ, ಪಾಪದ್ದು, ಚಿಟಿಕೆ ಹೊಡೆದುಕೊಂಡು ಬಿದ್ದಿರುತ್ತೆ ಅಂದರು. ಇನ್ನರ್ಧ ಜನ, ಅಲ್ಲ, ಗುದ್ದು ಸೀಗಡಿ, ಮೀನನ್ನು ತಿಂದು ಗಾಜನ್ನೂ ಒಡೆಯುತ್ತೆ ಅಂದರು. ಒಬ್ಬ ಮಾತ್ರ ಪಂಪಿನ ಮೊಳೆ ಸಡಿಲಾಗಿದೆ ಅಂದ. ಅವನನ್ನು ಗುಂಪಿನಿಂದ ತೆಗೆದುಹಾಕಲಾಯಿತು.

ಎಮ್ಮಾ ಗಾಜಿನ ಹತ್ತಿರ ಹೋಗಿ ಮೊದಲು ಮೂಗು ಚಾಚಿದಳು. "ಥೂ. ಗುಡಿಸೋರಿಲ್ಲದ ಮನೆ ವಾಸನೆ. ಇಲ್ಲಿದ್ದೋರೆಲ್ಲ ಎಲ್ಲಿ ಹೋದ್ರು?"

"ಇದ್ದೋರು ಅಂದ್ರೆ? ಎಲ್ಲಾ ದಾಖಲೆ ಇದೆ," ಅಂತ ಪಾ ಎರ್ತೆ ದಪ್ಪ ಪುಸ್ತಕ ತಂದರು. ಗಲ್ಲಿಯ ಅತಿಥಿಗಳ ಹಾಜರಿ ಪುಸ್ತಕವೇ ಅದು. ಮುಂದಿನಿಂದ ಮನುಷ್ಯರು, ಹಿಂದಿನಿಂದ ತೊಟ್ಟಿಯವರು. ಅವರು ಗಂಟಲು ಸರಿಮಾಡಿಕೊಂಡು ಓದಿದರು. "ಕ್ರಮಸಂಖ್ಯೆ ಒಂದು. ಮುಳ್ಳುಕೂದಲ ಹುಳು, ಹನ್ನೆರಡು. ಬಂದ ಉದ್ದೇಶ, ಸಂಶಯಾಸ್ಪದ. ಚಿಮುಟದಿಂದ ಹಿಡಿದು ಹೊರಹಾಕಲಾಗಿದೆ."

"ಅಯ್ಯೋ ಮಗಾ, ಉಳಿದ ಅನ್ನ ಬಳಿದು ಪಾತ್ರೆ ತೊಳೆಯೋರು ಅವ್ರು. ಮುಂದೆ?"

"ಎರಡು. ಹಾವಿನ ಬಾಲದಂಥ ಐದು ಕಾಲಿನ ನಕ್ಷತ್ರ. ನೋಡಲು ಅಸಹ್ಯ. ಹೊರಹಾಕಲಾಗಿದೆ."

"ಮೂಲೆ ಒರೆಸೋಳು. ಮುಂದೆ?"

"ಮೂರು. ಕಪ್ಪು ಬಸವನಹುಳು. ಹೊರ..."

"ಗಾಜು ತಿಕ್ಕೋನು. ಅವನನ್ನೂ ಓಡಿಸಿದ್ಯಾ? ಮತ್ತೆ ಯಾರನ್ನ ಇಟ್ಕೊಂಡೆ?"

ಪಾ ಎರ್ತೆಯ ದನಿಯಲ್ಲಿ ಸ್ವಲ್ಪ ಜೀವ ಬಂತು. "ನಾಲ್ಕು. ಕಂದು ಬಣ್ಣದ ಗಾಜಿನ ಹೂವು. ಬಲು ಚಂದ ನೆನೆ! ಮುಟ್ಟಿದ್ರೆ ನಾಚಿಕೊಂಡು ಒಳಗೆ ಸೇರ್ಕೊಳ್ಳತ್ತೆ. ಅದನ್ನ ಕಾಯಂ ನಿವಾಸಿ ಅಂತ ಬರ್ಕೊಂಡಿದೀನಿ."

"ಬಂದಾಗ ಎಷ್ಟಿತ್ತು?"

"ಒಂದು."

"ಈಗ?"

ಪಾ ಎರ್ತೆ ಗಾಜಿನ ಮೇಲೆ ಬೆರಳಾಡಿಸಿ ಎಣಿಸಿದರು. "ಇಪ್ಪತ್ತಮೂರು."

"ಅದರ ಪಕ್ಕದ ಹವಳ?"

ಪಾ ಎರ್ತೆ ಗಾಜಿನಿಂದ ಬೆರಳು ತೆಗೆದರು. ಪಕ್ಕದ ಹವಳ ಸುಣ್ಣದ ಹಾಗೆ ಬೆಳ್ಳಗೆ ಸತ್ತಿತ್ತು.

"ಇಡೀ ಹಡಗಲ್ಲಿ ಇದ್ದ ಕಳ್ಳ ಅವನೊಬ್ಬ," ಅಂದಳು ಎಮ್ಮಾ. "ಗುಡಿಸೋರ್ನೆಲ್ಲ ಇಳಿಸಿ ಅವನಿಗೆ ಕಾಯಂ ಕಾರ್ಡು ಕೊಟ್ಟಿದೀಯ. ಚಂದಾಗಿದಾನೆ ಅಂತ."

ಹಸ್ನಿಯಾ ನೆಲ ನೋಡಿದಳು, ನಗು ಬರಬಾರದೆಂದು. ಮರುಗಳಿಗೆಗೆ ಹಳೆಯ ಸಿಟ್ಟೂ ನೆನಪಾಯಿತು. ಕಡಲಂಚಿಗೆ ಮಣ್ಣು ಸುರಿದು ಹೋಟೆಲು ಕಟ್ಟುವವರು ಈ ಗಲ್ಲಿಗೆ ಬಂದಿದ್ದಾಗ ಇದೇ ಮನುಷ್ಯ ಹಾಜರಿ ಪುಸ್ತಕ ಚಾಚಿರಲಿಲ್ಲ, ಕುರ್ಚಿ ಚಾಚಿದ್ದ. ದಂಡೆಯಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರು ಹಿಂದಿನ ಓಣಿಗಳಿಗೆ ಸರಿದರು. ಅದಾದ ಮರುದಿನವೇ ಅವರಿಗೆಲ್ಲ 'ಅತಿಥಿ' ಅಂತ ಹೆಸರಾಯಿತು. ಹುಟ್ಟಿದ ಮಣ್ಣಿನಲ್ಲಿ ನಿಂತವರನ್ನು ಇಪ್ಪತ್ತನಾಲ್ಕು ಗಂಟೆಯ ನೆಂಟರನ್ನಾಗಿ ಮಾಡಲು ಒಂದು ತಗಡು ಸಾಕಾಗಿತ್ತು.

ಅಷ್ಟರಲ್ಲಿ ಅವಳ ಕಣ್ಣು ತೆರೆದ ಪುಸ್ತಕದ ಮೇಲೆ ಬಿತ್ತು. ಪ್ರತಿ ಹೆಸರಿನ ಮುಂದೆ 'ಮೂಲ ಸ್ಥಳ' ಅಂತ ಒಂದು ಖಾನೆ. ಅದನ್ನು ಅವರು ಗಟ್ಟಿಯಾಗಿ ಓದಿರಲಿಲ್ಲ.

"ಪಾ ಎರ್ತೆ, ಈ ಖಾನೇಲಿ ಏನು ಬರ್ದಿದೀರಿ?"

"ಯಾವುದು? ಮೂಲ ಸ್ಥಳ. ಕಡಲು."

"ಹುಳಕ್ಕೆ?"

"ಕಡಲು."

"ನಕ್ಷತ್ರಕ್ಕೆ?"

"ಕಡಲು. ಮತ್ತೇನು ಬರೀತಾರೆ, ಜಕಾರ್ತಾ ಅಂತ...?" ಪಾ ಎರ್ತೆ ಅರ್ಧಕ್ಕೇ ನಿಲ್ಲಿಸಿದರು.

"ಅದೇ ಪುಸ್ತಕ, ನಿಮ್ಮದೇ ಸಹಿ, ನಿಮ್ಮದೇ ಮುದ್ರೆ," ಅಂದಳು ಹಸ್ನಿಯಾ. "ಹುಳಕ್ಕೆ ಕಡಲು ಊರಾಗತ್ತೆ. ನನ್ನ ತಾಯಿಗೆ ಆಗಲ್ಲ."

ಎಮ್ಮಾ ಸುಮ್ಮನೆ ಕೈಮುಷ್ಟಿ ಬಾಯಿಗಿಟ್ಟುಕೊಂಡು ಕೆಮ್ಮಿದಳು. ಕೆಮ್ಮಲ್ಲ ಅದು, ನಗು.

ಪಾ ಎರ್ತೆ ಮೀಸೆ ಎಳೆದುಕೊಂಡರು. ಸೋತೆ ಅನ್ನಲು ಮನಸ್ಸಿಲ್ಲ, ಪುಸ್ತಕ ಮುಚ್ಚಲು ಮುಖವಿಲ್ಲ. "ಆಯ್ತು. ಒಂದು ಶರತ್ತು. ಒಳಗೆ ಟಕ್ ಅನ್ನಿಸೋನು ಯಾರು ಅಂತ ಹೇಳಿದ್ರೆ ಕಡಲು ಅಂತ್ಲೇ ಬರ್ದು ಮುದ್ರೆ ಹೊಡೀತೀನಿ."

ಹೆಂಡತಿಯ ಹೂವಿನ ಬೆಡ್‌ಶೀಟು ತೊಟ್ಟಿಯ ಮೇಲೆ ಬಿತ್ತು, ಒಳಗಿರುವವನಿಗೆ ಕತ್ತಲಾಯಿತು ಅನ್ನಿಸಲಿ ಅಂತ. ಎಮ್ಮಾ ಗಾಜಿಗೆ ಕಿವಿ ಒತ್ತಿ ಕೂತಳು. ಪಾ ಎರ್ತೆ ಉಸಿರು ಬಿಗಿಹಿಡಿದು ನಿಂತರು. ಸ್ವಲ್ಪ ಹೊತ್ತು ಪಂಪಿನ ಗುಳುಗುಳು ಬಿಟ್ಟರೆ ಏನಿಲ್ಲ. ಆಮೇಲೆ ಟಕ್. ಮತ್ತೆ ಟಕ್, ಟಕ್.

ಎಮ್ಮಾಳ ಮುಖದ ಮೇಲೆ ಏನೋ ಒಂದು ಹಾದುಹೋಯಿತು. ಹಸ್ನಿಯಾಗೆ ಅದು ಕಂಡಿತು, ಅರ್ಥವಾಗಲಿಲ್ಲ.

"ಚಿಟಿಕೆ ಸೀಗಡಿ," ಅಂದಳು ಎಮ್ಮಾ. "ಬಡಪಾಯಿ. ಯಾರಿಗೂ ತೊಂದ್ರೆ ಇಲ್ಲ."

ಪಾ ಎರ್ತೆ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಪತ್ರ ಬರೆದರು. 'ಹುಟ್ಟಿದ ಊರು: ಕಡಲು.' ಮುದ್ರೆಯನ್ನು ಮೂರು ಸಲ ಊದಿ ಹೊಡೆದರು. ಹಸ್ನಿಯಾ ಪತ್ರವನ್ನು ಮಡಿಸಿ ಕುಪ್ಪಸದೊಳಗೆ ಸೇರಿಸಿದಳು. ಇನ್ನು ಅದನ್ನು ವಾಪಸ್ಸು ಕೇಳುವ ಧೈರ್ಯ ಯಾವ ಮುಖಂಡನಿಗೂ ಇರಲು ಸಾಧ್ಯವಿರಲಿಲ್ಲ.

ಬೆಡ್‌ಶೀಟು ಎಳೆದು ಮಡಿಸುವಾಗ ಅವಳು ಕಲ್ಲಿನ ತೂತಿನೊಳಗೆ ನೋಡಿದಳು. ಕಡ್ಡಿಯ ತುದಿಗೆ ಸಿಕ್ಕಿಸಿದಂಥ ಎರಡು ಕಣ್ಣು ಹೊರಗೆ ಬಂದವು. ಒಂದು ಅವಳನ್ನು ನೋಡಿತು, ಇನ್ನೊಂದು ಪಾ ಎರ್ತೆಯನ್ನು. ಎದೆಯ ಮುಂದೆ ಮಡಿಚಿಟ್ಟ ಎರಡು ಗದೆ. ಚಿಟಿಕೆಯವನಿಗೆ ಇಂಥ ಕಣ್ಣೂ ಇಲ್ಲ, ಇಂಥ ಗದೆಯೂ ಇಲ್ಲ.

"ಎಮ್ಮಾ," ಅಂದಳು ತಮ್ಮ ಮಾತಿನಲ್ಲಿ, ಮುಖ ನಗುತ್ತಲೇ ಇರುವ ಹಾಗೆ ನೋಡಿಕೊಂಡು. "ಇವನು ಗುದ್ದೋನು."

"ಗೊತ್ತು. ನಂಗೇನು ಕಿವೀನೂ ಹೋಗಿದ್ಯಾ?"

"ಮತ್ತೆ ಯಾಕೆ ಸುಳ್ಳು ಹೇಳ್ದೆ?"

"ಪತ್ರ ಬೇಕಾದೋರು ಪತ್ರ ಕೊಡೋನಿಗೆ ಬೇಕಾದ್ದನ್ನ ಹೇಳ್ಬೇಕು ಅಂತ ನೀನೇ ತಾನೆ ಹೇಳಿಕೊಟ್ಟಿದ್ದು? ನನ್ನ ವಿಷಯದಲ್ಲಿ ಅದು ಆಗಲ್ಲ. ಸೀಗಡಿ ವಿಷಯದಲ್ಲಿ ಆಗತ್ತೆ. ನಡಿ, ಹೊತ್ತಾಯ್ತು."

ಎರಡು ಗಂಟೆಗೆ ಇನ್ನೂ ಎರಡೂವರೆ ಗಂಟೆಯಿತ್ತು. ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡಬಹುದಿತ್ತು. ಮೀನು ಸತ್ತರೆ ಅವರ ಮೀನು, ಗಾಜು ಒಡೆದರೆ ಅವರ ಗಾಜು. ಹಸ್ನಿಯಾ ಒಂದು ಕಾಲು ಮೆಟ್ಟಿಯೂ ಆಗಿತ್ತು. ಹಿಂದಿನಿಂದ ಪಾ ಎರ್ತೆ ಮೊಬೈಲು ಬಾಯಿಗೆ ಹಿಡಿದುಕೊಂಡು ಇಡೀ ಗುಂಪಿಗೆ ಮಾತು ಕಳಿಸುವುದು ಕೇಳಿಸಿತು: "ಸ್ನೇಹಿತರೇ, ಬಾಜೋ ಜನಾಂಗದ ಹಿರಿಯರೊಬ್ಬರು ಖುದ್ದು ಕಿವಿಯಿಟ್ಟು ಪರೀಕ್ಷಿಸಿದ್ದಾರೆ. ಈ ಸದ್ದು ಚಿಟಿಕೆ ಸೀಗಡಿಯದು. ಎಲ್ಲರೂ ಕೇಳಿ ಕಲಿಯಿರಿ..."

ಅಷ್ಟು ಸಾಕಾಯಿತು. ತಮ್ಮ ಜನಕ್ಕೆ ಈ ಪಟ್ಟಣ ಜಾಗ ಕೊಡಲಿಲ್ಲ, ಕಾರ್ಡು ಕೊಡಲಿಲ್ಲ; ಕಡಲು ಬಲ್ಲವರು ಅನ್ನುವ ಒಂದು ಮಾತನ್ನು ಮಾತ್ರ ಕಿತ್ತುಕೊಂಡಿರಲಿಲ್ಲ. ಅದನ್ನು ತಾವೇ ಕೈಯಾರೆ ಹಾಳು ಮಾಡುವುದೇ?

"ಕಳಿಸ್ಬೇಡಿ ಪಾ ಎರ್ತೆ! ಅವನು ಗುದ್ದೋನು. ಎಮ್ಮಾ ಬೇಕಂತ್ಲೇ ಸುಳ್ಳು ಹೇಳಿದಾಳೆ."

ಪಾ ಎರ್ತೆಯ ಬೆರಳು ಮೊಬೈಲಿನ ಮೇಲೆ ಹಾಗೇ ನಿಂತಿತು. "ಏನು?"

"ಕೆಟ್ಟ ಹುಡುಗಿ," ಅಂದಳು ಎಮ್ಮಾ ಮಗಳಿಗೆ, ನಲವತ್ತೆರಡು ವರ್ಷದವಳಿಗೆ.

"ಪತ್ರ ಕೊಡಿ ಇಲ್ಲಿ!" ಪಾ ಎರ್ತೆ ಕೈ ಚಾಚಿದರು. ಪತ್ರ ಎಲ್ಲಿದೆ ಅನ್ನುವುದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡರು. ಸಿಟ್ಟೆಲ್ಲ ತೊಟ್ಟಿಯ ಕಡೆ ತಿರುಗಿತು. "ಮೊದ್ಲು ಅವನನ್ನ ಇಳಿಸ್ತೀನಿ. ನನ್ನ ಹಡಗಲ್ಲೇ ನಂಗೇ ಮೋಸ! ಕುದಿಯೋ ನೀರು ತಗೊಂಡು ಬಾರೇ!"

"ಕೈ ಹಾಕ್ಬೇಡ ಮಗಾ, ಅವನ ಏಟು..." ಎಮ್ಮಾ ಅನ್ನುವಷ್ಟರಲ್ಲಿ ಪಾ ಎರ್ತೆ ತೋಳು ಮಡಚಿ ಕಲ್ಲನ್ನು ಎತ್ತಿ ಬಕೆಟ್ಟಿಗಿಟ್ಟಾಗಿತ್ತು. ಕಲ್ಲಿನಿಂದ ನೀರು ಸೋರಿತು. ತೂತಿನಿಂದ ನವಿಲು ಬಣ್ಣದ, ಒಂದು ಗೇಣುದ್ದದ ಪ್ರಾಣಿ ಈಚೆ ಬಂತು. ಟಿಕೆಟ್ ತಪಾಸಕರು ಅದರ ಕುತ್ತಿಗೆಗೇ ಕೈಯಿಟ್ಟರು.

ಈ ಸಲ ಸದ್ದು ಟಕ್ ಅನ್ನಲಿಲ್ಲ. ಫಟ್ ಅಂದಿತು.

ಪಾ ಎರ್ತೆ ಕೂಗಿದರು. ಸದ್ದು ಕೇಳಿ ಅವರ ಹೆಂಡತಿ ಮತ್ತೊಮ್ಮೆ ಹೋಗಿ ಗೇಟು ತೆಗೆದರು.

ಪಾ ಎರ್ತೆಯ ಬಲಗೈ ಹೆಬ್ಬೆರಳು ಉಗುರಿನ ಬಳಿ ಸೀಳಿ ರಕ್ತ ಹರಿಯುತ್ತಿತ್ತು. ಹಸ್ನಿಯಾ ಸೊಂಟದ ಜಾಲರಿ ಸೌಟು ಹಿರಿದು, ಕಡುಬು ಎತ್ತಿದ ಹಾಗೆ ಸೀಗಡಿಯನ್ನು ಎತ್ತಿ, ಹಪ್ಪಳದ ಪ್ಲಾಸ್ಟಿಕ್ ಡಬ್ಬಿಗೆ ತೊಟ್ಟಿಯ ನೀರು ಹಾಕಿ ಒಳಗೆ ಬಿಟ್ಟು ಮುಚ್ಚಳ ತಿರುಗಿಸಿದಳು.

"ಡಬ್ಬಿ... ಡಬ್ಬಿ ತಗೊಳ್ಳಿ," ಅಂದರು ಪಾ ಎರ್ತೆ ಬೆವರುತ್ತ. "ಕಚ್ಚಿದ್ದು ಯಾವುದು ಅಂತ ಡಾಕ್ಟರಿಗೆ ತೋರಿಸ್ಬೇಕು."

"ಅದು ಹಾವಲ್ಲ ಪಾ ಎರ್ತೆ."

"ಆದ್ರೂ ಗುರುತು ಬೇಕು! ಗುರುತಿಲ್ದೆ ಔಷಧಿ ಹೇಗೆ ಕೊಡ್ತಾರೆ?"

ಹೀಗೆ ಅವರದೇ ಬೈಕಿನಲ್ಲಿ ಮೂವರೂ ಹೊರಟರು. ಮುಂದೆ ಹಸ್ನಿಯಾ, ಹಿಂದೆ ಕೈಗೆ ಟವೆಲು ಸುತ್ತಿಕೊಂಡ ಪಾ ಎರ್ತೆ, ನಡುವೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎಮ್ಮಾ. ಶನಿವಾರದ ಸಂತೆಯ ಗದ್ದಲದಲ್ಲಿ ಗಾಡಿಗಳು ಆಮೆಯ ಹಾಗೆ ತೆವಳುತ್ತಿದ್ದವು. ದಾರಿಯುದ್ದಕ್ಕೂ ಎಮ್ಮಾ ಡಬ್ಬಿಯೊಳಗಿನವನ ಜೊತೆ ಏನೋ ಮಾತಾಡುತ್ತಿದ್ದಳು. ಏನು ಹೇಳ್ತಿದಾರೆ ಅಂತ ಪಾ ಎರ್ತೆ ಕೇಳಿದರು. "ಸಮಾಧಾನ ಹೇಳ್ತಿದಾಳೆ," ಅಂದಳು ಹಸ್ನಿಯಾ. ನಿಜವಾಗಿ ಎಮ್ಮಾ, ಸ್ವಲ್ಪ ಎಡಕ್ಕೆ ಹೊಡೆದಿದ್ದರೆ ಮುದ್ರೆ ಹೊಡೆಯುವ ಬೆರಳೇ ಹೋಗುತ್ತಿತ್ತಲ್ಲೋ ಅಂತ ಅವನನ್ನು ಬೈಯುತ್ತಿದ್ದಳು.

ಆರೋಗ್ಯ ಕೇಂದ್ರ ಮುಟ್ಟಿ, ಸಾಲು ಕರಗಿ, ಕಣ್ಣಿನ ಕೌಂಟರಿನ ಮುಂದೆ ನಿಂತಾಗ ಗೋಡೆ ಗಡಿಯಾರದಲ್ಲಿ ಒಂದೂ ನಲವತ್ತು. ತಲೆಗೆ ಹಸಿರು ವಸ್ತ್ರ ಸುತ್ತಿದ ಗುಮಾಸ್ತೆ ಹುಡುಗಿ ಪತ್ರ ಓದಿದಳು, ಕಂಪ್ಯೂಟರು ನೋಡಿದಳು, ಮತ್ತೆ ಪತ್ರ ಓದಿದಳು.

"ಕಡಲು ಅಂತ ಇಲ್ಲಿ ಬರೋದಿಲ್ಲ ನೆನೆ. ಜಿಲ್ಲೆಗಳ ಪಟ್ಟಿಯಿಂದ ಒಂದನ್ನ ಆರಿಸ್ಬೇಕು. ಮಕಾಸ್ಸರ್ ಅಂತ ಒತ್ತಿಬಿಡ್ಲಾ?"

"ಬೇಡ."

"ಒಂದು ಗುಂಡಿ ಒತ್ತೋದಷ್ಟೇ."

"ಬೇಡಮ್ಮ." ಎಮ್ಮಾ ಮಗಳ ತೋಳು ತಡಕಿದಳು. "ನಡಿ ಹಸ್ನಿಯಾ, ಮನೆಗೆ ಹೋಗೋಣ."

ಹಸ್ನಿಯಾ ಗಡಿಯಾರ ನೋಡಿದಳು. ಎರಡು ಗಂಟೆಗೆ ಇನ್ನು ಹನ್ನೆರಡು ನಿಮಿಷ. ತಾಯಿಯ ಬಾಯಿಗೆ ಬಟ್ಟೆ ತುರುಕಿ ತಾನೇ ಆ ಗುಂಡಿ ಒತ್ತಲೇ ಅನ್ನಿಸಿತು.

"ಇಂಥ ಪತ್ರ ಯಾರು ಕೊಟ್ರು ನಿಮಗೆ?" ಗುಮಾಸ್ತೆ ಪತ್ರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಸುಮ್ನೆ ಮುದ್ರೆ ಹೊಡ್ದಿದಾರೆ. ಇದು ನಡೆಯಲ್ಲ."

ಗಾಯದ ಸಾಲಿನಲ್ಲಿ ಕೂತು ನರಳುತ್ತಿದ್ದ ಪಾ ಎರ್ತೆಯ ನರಳಾಟ ಥಟ್ಟನೆ ನಿಂತಿತು. ಅವರು ಎದ್ದರು.

"ಯಾರಮ್ಮ ಅದು, ನನ್ನ ಮುದ್ರೆ ನಡೆಯಲ್ಲ ಅಂದಿದ್ದು?"

"ಪಾ, ಕಡಲು ಊರಲ್ಲ ಅಂತ..."

"ನಿಂಗೆ ಅಲ್ಲ! ಇವರಿಗೆ ಊರೇ!" ಇಡೀ ಕೇಂದ್ರ ತಿರುಗಿ ನೋಡಿತು. "ಮೂವತ್ತು ವರ್ಷ ಹಡಗಲ್ಲಿ ತಪಾಸಣೆ ಮಾಡಿದೀನಿ ನಾನು. ಎಲ್ಲಿಂದ ಬಂದ್ರು ಅಂತ ನಂಗೆ ಹೇಳಿಕೊಡ್ತೀಯಾ? ಎರಡು ದ್ವೀಪದ ನಡುವೆ, ಪಡುವಣ ಗಾಳೀಲಿ, ದೋಣೀಲಿ ಹುಟ್ಟಿದೋರು ಇವ್ರು. ಇಲ್ಲ ಅನ್ನೋಕೆ ನಿನ್ನ ಕಂಪ್ಯೂಟರೇನು ಸೂಲಗಿತ್ತಿಯಾ?" ಅಂತ ಮೇಜು ಗುದ್ದಿದರು. ಯಾವ ಕೈಯಲ್ಲಿ ಗುದ್ದಿದೆ ಅನ್ನುವುದು ಆಮೇಲೆ ತಿಳಿದು ಅಲ್ಲೇ ಬಗ್ಗಿ ಕೂತರು.

ಹಸ್ನಿಯಾ ತಾಯಿಯ ಮುಖ ನೋಡಿದಳು. ಎಮ್ಮಾ ಮೆಲ್ಲಗೆ, "ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳ್ದ," ಅಂದಳು.

ಗುಮಾಸ್ತೆ ಬೆದರಿದಳೋ, ನಗು ತಡೆದಳೋ, ಕೆಳಗಡೆ 'ಇತರೆ' ಅನ್ನುವ ಗುಂಡಿ ಹುಡುಕಿ ಒತ್ತಿದಳು. "ಇದಕ್ಕೆ ಜವಾಬ್ದಾರಿ ಪತ್ರ ಬೇಕಾಗತ್ತೆ ಪಾ. ನೆನೆ ಇಲ್ಲಿ ಹೆಬ್ಬೆಟ್ಟು ಒತ್ಲಿ. ಸಾಕ್ಷಿಯಾಗಿ ನೀವು ಇಲ್ಲಿ ಸಹಿ ಹಾಕಿ."

ಎಮ್ಮಾ ಹೆಬ್ಬೆಟ್ಟು ಒತ್ತಿದಳು. ಪಾ ಎರ್ತೆ ಪೆನ್ನು ತೆಗೆದುಕೊಂಡರು. ಬಲಗೈಯಲ್ಲಿ ಟವೆಲಿನ ಉಂಡೆ. ಎಡಗೈಯಲ್ಲಿ ಹಿಡಿದರೆ ಪೆನ್ನು ಏಡಿಯ ಹಾಗೆ ಅಡ್ಡಡ್ಡ ಹರಿಯಿತು. ಒಂದೂ ಐವತ್ತೈದು.

"ನೀವೂ ಹೆಬ್ಬೆಟ್ಟೇ ಒತ್ತಿಬಿಡಿ," ಅಂದಳು ಗುಮಾಸ್ತೆ, ಶಾಯಿಯ ಪೆಟ್ಟಿಗೆ ಮುಂದೆ ನೂಕಿ.

"ಹೆಬ್ಬೆಟ್ಟಾ? ನಾನಾ?"

"ಒತ್ತು ಮಗಾ, ನೋಯಲ್ಲ," ಅಂದಳು ಎಮ್ಮಾ.

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಪಾ ಎರ್ತೆ ಆ ಕಡೆ ಈ ಕಡೆ ನೋಡಿ, ಎಡಗೈಯ ಹೆಬ್ಬೆರಳನ್ನು ಶಾಯಿಗೆ ಅದ್ದಿ, ಕಣ್ಣು ಮುಚ್ಚಿಕೊಂಡು ಒತ್ತಿದರು. ಗುಮಾಸ್ತೆ ಹಾಳೆಯನ್ನು ಗಾಳಿಗೆ ಆಡಿಸಿದಳು. ಅಕ್ಕಪಕ್ಕ ಎರಡು ಕಪ್ಪು ಗುರುತು.

"ಅಯ್ಯೋ, ಕೆಳಗೆ ಹೆಸರು ಬರೀಲೇ ಇಲ್ಲ. ಇದ್ರಲ್ಲಿ ನಿಮ್ದು ಯಾವುದು ಪಾ?"

ಪಾ ಎರ್ತೆ ಕನ್ನಡಕ ಏರಿಸಿ ಹಾಳೆಗೆ ಮೂಗು ತಾಗುವಷ್ಟು ಬಗ್ಗಿದರು. ಎರಡರಲ್ಲಿ ತಮ್ಮದು ಯಾವುದು ಅಂತ, ಕತ್ತಲ ಪ್ರಯಾಣಿಕರನ್ನು ಹಿಡಿದ ಆ ಮೂಗಿಗೂ ಗೊತ್ತಾಗಲಿಲ್ಲ.